ನಾಲ್ಕು ದಿನದ ಅಮ್ಮಂದಿರು

"ಇಳೀತೀಯೇನೆ, ಇಲ್ಲ ಕಾಲು ಮುರೀಲೇನೆ?"

ಅಟ್ಟದ ಏಣಿ ಹತ್ತಿದ್ದ ಐದು ವರ್ಷದ ಮಗಳ ಮೇಲೆ ಭ್ರಮರಾಂಬ ಬೆಳಗಿನಿಂದ ಹೀಗೆ ಕೂಗಿದ್ದು ಅದು ಏಳನೇ ಸಲ. ಅತ್ತೆಗೆ ಸಾಕಾಯಿತು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನೀನೇ ಹೀಗೆ ಅರಚಿದರೆ ಮಗು ಇನ್ನು ಹೇಗಾಗುತ್ತೆ? ಗೋಡೆಯಾಚೆ ಇರೋ ನಿನ್ನ ಓರಗಿತ್ತೀನ ನೋಡು, 'ಕಂದಾ' ಅನ್ನದೆ ಬಾಯಿ ತೆಗೆಯಲ್ಲ. ಅವಳ ಮಗಳು ಕೂರಿಸಿದ ಕಡೆ ಕೂತಿರ್ತಾಳೆ. ನಾಲ್ಕು ದಿನ ಮಕ್ಕಳನ್ನ ಅದಲುಬದಲು ಮಾಡ್ಕೊಳ್ಳಿ. ಇವಳೂ ಅಲ್ಲಿ ಬುದ್ಧಿ ಕಲೀಲಿ."

"ಕಳಿಸು, ನಾನು ನೋಡ್ಕೋತೀನಿ," ಎಂದು ಓರಗಿತ್ತಿ ಗೋಡೆಯಾಚೆಯಿಂದಲೇ ನಕ್ಕಳು.

ಮೊದಲ ದಿನ ಗೋಡೆಯಾಚೆ ಪಾತ್ರೆ ಬಿದ್ದ ಸದ್ದು ಕೇಳಿಸಿತು, ಬೈದ ಸದ್ದು ಕೇಳಿಸಲಿಲ್ಲ. ಎರಡನೇ ದಿನವೂ ಅಷ್ಟೇ. ಭ್ರಮರಾಂಬಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಓರಗಿತ್ತಿ ಬೈಯುವುದೇ ಇಲ್ಲವೆಂದರೆ ತಪ್ಪೆಲ್ಲ ತನ್ನದೇ ಅಲ್ಲವೇ? ಮತ್ತೆ ಮತ್ತೆ ಹೋಗಿ ಗೋಡೆಗೆ ಕಿವಿಯಿಟ್ಟಳು.

ಮೂರನೇ ದಿನ ಓರಗಿತ್ತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಒಂದು ಕಾಳೂ ಚೆಲ್ಲದೆ ಬಟ್ಟಲು ತುಂಬಿಸಿದ ಹುಡುಗಿ, "ಚಿಕ್ಕಮ್ಮ, ಇಷ್ಟು ಸಾಕಾ?" ಎಂದು ಕೇಳಿದಳು.

"ಸಾಕು ಕಂದಾ," ಎಂದಳು ಭ್ರಮರಾಂಬ. ಎಂದವಳೇ ಬೆಚ್ಚಿದಳು. ಈ ಮೂರು ದಿನದಲ್ಲಿ ತಾನು ಒಮ್ಮೆಯೂ ದನಿ ಎತ್ತಿರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆ ಏಣಿ ಎಳೆದ ಸದ್ದಾಯಿತು. ಅದರ ಹಿಂದೆಯೇ ಓರಗಿತ್ತಿಯ ದನಿ ಬೀದಿಗೆಲ್ಲ ಕೇಳಿಸಿತು:

"ಇಳೀತೀಯೇನೆ, ಇಲ್ಲ ಕಾಲು ಮುರೀಲೇನೆ?"