ಅಪ್ಪನ ಹೆಗಲು

ಕಾದ ಕಲ್ಲಿಗೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಹೆಗಲು ನೆನಪಾಗುತ್ತದೆ.

ಉಪ್ಪಲ್‌ನ ನಮ್ಮ ಗಲ್ಲಿಯ ಗೆಳತಿಯರನ್ನೆಲ್ಲ ಅಪ್ಪ ಊರಾಚೆಯ ಬೋಳು ಬಂಡೆಗುಡ್ಡಕ್ಕೆ ಕರೆದೊಯ್ದು ಡೇರೆ ಹಾಕಿದ್ದರು. ಮಧ್ಯಾಹ್ನ, ಕಾಲು ಸುಡದಿರಲೆಂದು ದೊಡ್ಡ ಬಂಡೆಗೆ ನೀರು ಸುರಿದು, ಒಬ್ಬೊಬ್ಬರನ್ನೇ ಹೆಗಲ ಮೇಲೆ ನಿಲ್ಲಿಸಿಕೊಂಡು ಹತ್ತಿಸತೊಡಗಿದರು.

ನಾನು ಮುಂದೆ ನುಗ್ಗಿದೆ.

"ಮಂದಿ ಮಕ್ಕಳು ಮೊದಲ. ನೀ ಮನ್ಯಾಕಿ, ತಡಿ," ಎಂದರು.

ಪಕ್ಕದ ಮನೆಯ ಸ್ವಪ್ನಾ ಒಮ್ಮೆ ಹತ್ತಿ ಇಳಿದವಳು, "ಅಂಕಲ್, ಔರ್ ಏಕ್ ಬಾರ್!" ಎಂದು ಮತ್ತೆ ಹತ್ತಿದಳು. ನನ್ನ ಸರದಿ ಬರುವಷ್ಟರಲ್ಲಿ ಅಪ್ಪ ಹೆಗಲು ಹಿಡಿದು ಕೂತುಬಿಟ್ಟಿದ್ದರು.

"ಭಾಳ ನೋಯಾಕತ್ತೈತಿ. ನಿನ್ನ ಮುಂದಿನ ಸಲ ಹತ್ತಸ್ತೀನಿ."

ಅವರು ಕೊಟ್ಟ ಶೇಂಗಾ ಹೋಳಿಗೆಯನ್ನು ನಾನು ಮುಟ್ಟಲಿಲ್ಲ.

ಮರುದಿನ ಮನೆಗೆ ಮರಳುವ ಬಸ್ಸಿನಲ್ಲಿ ಅಪ್ಪ ನನ್ನ ಹೆಗಲಿಗೆ ಒರಗಿ ನಿದ್ದೆಹೋದರು. ಸ್ವಪ್ನಾ ಕಿಟಕಿಯ ಸೀಟು ಬಿಟ್ಟುಕೊಟ್ಟು ಕರೆದಳು. ನಾನು ಏಳಲಿಲ್ಲ. ಅವಳಿಗೆ ಕಾಣುವ ಹಾಗೆ ಅಪ್ಪನ ತಲೆಗೆ ಕೈ ಆನಿಸಿ ಕೂತೆ.