ಬೆಸುಗೆ ಹಾಕಿದ ಮೆಮೊರಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಹತ್ತು ಗಂಟೆಗೆ ಗೌರವ್ವ ತನ್ನ ಗಂಡ ಫಕೀರಪ್ಪನ ಸಂಗಡ ದಾವಲಸಾಬನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಬಂದಳು. ಮನುಷ್ಯರ ಕಿವಿಯ ಹಿಂದಿನ ಮೆಮೊರಿ ಪಟ್ಟಿಯನ್ನೂ ಅವನೇ ಬದಲಿಸುತ್ತಿದ್ದ.

ಫಕೀರಪ್ಪ ಹೋದ ವಾರವೇ ಹೊಸದು ಹಾಕಿಸಿಕೊಂಡಿದ್ದ. ಆದರೆ ಒಂದೇ ಮನೆಯಲ್ಲಿರುವ ಗಂಡಹೆಂಡಿರ ಮೆಮೊರಿ ಜೋಡಿಯಾಗಿ ಓಡುವಂಥದು. ಒಂದು ನಿಧಾನವಾದರೆ ಇನ್ನೊಂದೂ ಅದರ ನಡಿಗೆಗೇ ಇಳಿಯುತ್ತಿತ್ತು. ಅದಕ್ಕೇ ಇವತ್ತು ಗೌರವ್ವನ ಪಾಳಿ.

ದಾವಲಸಾಬ ಅವಳ ಕಿವಿ ಮಡಚಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ.

“ಗೌರಕ್ಕಾ, ನಿಂದು ಬೆಸಿಗಿ ಹಾಕಿದ್ದೈತಿ. ತಗ್ಯಾಕ ಬರೂದಿಲ್ಲ.”

“ಮದವ್ಯಾಗ ಇಬ್ಬರಿಗೂ ಒಂದ ದಿನ ಹಾಕಿದ್ರಲ್ಲೋ ತಮ್ಮಾ. ಇವರದು ಹೆಂಗ ಬಂತು?”

“ಗಂಡಸರಿಗೆ ತಗಿಯೂ ಹಂಗ ಹಾಕ್ತಿದ್ರು, ಹೆಣ್ಮಕ್ಕಳಿಗೆ ಬೆಸಿಗಿ. ಹೆಣ್ಣು ಮತ್ತೆಲ್ಲಿಗೆ ಹೋಗ್ತಾಳಂತ ಹಿರೇರು ಅಂತಿದ್ರು.”

ಗೌರವ್ವನಿಗೆ ತಡವಾಗಿ ನೆನಪಾಯಿತು. ಹಂದರದಲ್ಲಿ ಅಪ್ಪನೇ ನಿಂತು, “ಗಟ್ಟಿ ಹಾಕ್ರಿ” ಎಂದು ಎರಡು ಸಲ ಹೇಳಿದ್ದ.

“ಹಂಗಾರ ನಾ ಸಾಯೂತನಾ ಇಕೀ ಗತೇನ ತಡವರಿಸಬೇಕೇನು?” ಎಂದ ಫಕೀರಪ್ಪ.

“ಇಪ್ಪತ್ತು ವರ್ಷ ಇಕೀ ಗತೇನ ಇದ್ರಲ್ರಿ, ಉಣ್ಣೂದೇನು ಮರತಿರೇನು?” ಎಂದಳು ಗೌರವ್ವ.

ದಾವಲಸಾಬ ನಕ್ಕ. ಫಕೀರಪ್ಪ ನಗಲಿಲ್ಲ.

“ದೂರ ಇದ್ರ ಜೋಡಿ ಬಿಡತೈತೇನು?” ಎಂದು ಕೇಳಿದ.

ದಾವಲಸಾಬ ಗೌರವ್ವನ ಮುಖ ನೋಡದೆ, “ಎರಡು ಹರದಾರಿ ದಾಟಿದ್ರ ಬಿಡತೈತ್ರಿ” ಎಂದ.

ಯಾಕೆ ಕೇಳಿದನೆಂಬುದು ಗೌರವ್ವನಿಗೆ ತಿಳಿಯುವಷ್ಟರಲ್ಲಿ ಗಂಡ ಅಂಗಡಿಯ ಮೆಟ್ಟಿಲು ಇಳಿದಿದ್ದ. ಮರುದಿನ ಬುಧವಾರ, ಅವಳು ರೊಟ್ಟಿ ಬಡಿಯುತ್ತಿರುವಾಗಲೇ, ಫಕೀರಪ್ಪ ಮನೆ ಬಿಟ್ಟು ಹೋದ.