ಉತ್ತರದ ಗೋಡೆ

ಉತ್ತರದ ಗೋಡೆಯ ಮರದ ದಿಮ್ಮಿಗಳ ನಡುವಿನ ಸಂದಿಯಿಂದ ಉಳಿಯ ತುದಿಯಲ್ಲಿ ಥರ್ಮನ್ ಎಳೆದು ತೆಗೆದದ್ದು ಕಪ್ಪು ಕೋಟಿನ ತೋಳು. ಒಕ್ಲಹೋಮಾದಿಂದ ಉತ್ತರದ ಚಳಿ ಸೀಮೆಯಾದ ಅಲ್ಬರ್ಟಾಕ್ಕೆ ವಲಸೆ ಬಂದ ಕಪ್ಪು ಜನಾಂಗದ ರೈತರು ಕಟ್ಟಿದ ಆ ಹಳೆಯ ಚರ್ಚನ್ನು ಅವನು ರಿಪೇರಿ ಮಾಡುತ್ತಿದ್ದ.

"ಯಾರೋ ಹಳೇ ಬಟ್ಟೆ ತುರುಕಿದಾರೆ, ಚಿಕ್ಕಮ್ಮ. ಬಿಸಾಕ್ಲಾ?"

ಎಂಬತ್ತು ದಾಟಿದ ಆರ್ಡೆಲಾ ತೋಳಿನ ಹಿತ್ತಾಳೆ ಗುಂಡಿಗಳನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ಅಪ್ಪನ ಮದುವೆ ಫೋಟೋದಲ್ಲಿದ್ದ ಕೋಟು. ಅವಳು ಕಂಡಂತೆ, ಎಂಥ ಕೊರೆಯುವ ಚಳಿಯಲ್ಲೂ ಅಪ್ಪ ಇದೇ ಚರ್ಚಿನಲ್ಲಿ ಬರೀ ಅಂಗಿಯಲ್ಲೇ ನಿಂತು ಪ್ರವಚನ ಮಾಡುತ್ತಿದ್ದ. "ನಿಮ್ಮಪ್ಪ ಒಲೆ ನುಂಗಿ ಬಂದಿದಾರೆ" ಎಂದು ಅಮ್ಮ ನಗುತ್ತಿದ್ದಳು. ಮಕ್ಕಳೂ ಅದನ್ನು ನಂಬಿದ್ದರು.

ಆ ಸಂದಿಯ ಪಕ್ಕದಲ್ಲೇ ಹಸುಗೂಸುಗಳ ತಾಯಂದಿರು ಕೂರುತ್ತಿದ್ದ ಬೆಂಚು. ಆರ್ಡೆಲಾ ಅದರ ಮೇಲೆ ಕುಳಿತಳು. ತಣ್ಣನೆ ಗಾಳಿ ಬೆನ್ನಿಗೆ ತಾಕಿತು.

"ಇದ್ದಲ್ಲೇ ತುರುಕಪ್ಪಾ," ಎಂದಳು. "ಗಾಳಿ ಬರ್ತಿದೆ."